ಮೊದಲ ಚಿಕಿತ್ಸೆ ಮನೆಯಲ್ಲೇ: ಕೊಡಗಿನ ಮಕ್ಕಳ ಕಾಯಿಲೆ ಮತ್ತು ಕುಟುಂಬದ ಪಾಲು

ಕೊಡಗಿನ ಯಾವ ಮೂಲೆಯಲ್ಲಿ ಮಗುವಿಗೆ ಜ್ವರ ಬಂದರೂ ಮೊದಲ ತಪಾಸಣೆ ನಡೆಯುವುದು ಮನೆಯೊಳಗೆ. ಅಜ್ಜಿ ಹಣೆ ಮುಟ್ಟಿ ನೋಡುತ್ತಾಳೆ. ಹಾಲು ಕುಡಿಯುತ್ತದೆಯೇ ಎಂದು ತಾಯಿ ಎದೆಗಿಟ್ಟು ನೋಡುತ್ತಾಳೆ. ಡಾಕ್ಟರ ಬಳಿಗೆ ಈಗಲೇ ಹೊರಡುವುದೋ ಬೆಳಗಿನವರೆಗೆ ಕಾಯುವುದೋ ಎಂದು ಅಪ್ಪನೋ ತಾತನೋ ತೀರ್ಮಾನಿಸುತ್ತಾರೆ. ಭಾಗಮಂಡಲದ ಕಡೆಯ ಒಂಟಿ ಮನೆಯಾಗಲಿ, ಸಿದ್ದಾಪುರದ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಾಗಲಿ, ನಾಗರಹೊಳೆ ಅಂಚಿನ ಆದಿವಾಸಿ ಹಾಡಿಯಾಗಲಿ, ಈ ಕ್ರಮ ಒಂದೇ.

ಈ ಮನೆಮಂದಿಯನ್ನು ನಮ್ಮ ಆರೋಗ್ಯ ವ್ಯವಸ್ಥೆ ಏನೆಂದು ಭಾವಿಸಿದೆ ಎಂಬುದು ಇಲ್ಲಿನ ಪ್ರಶ್ನೆ. ಹೇಳಿದ್ದನ್ನು ಕೇಳಿಕೊಂಡು ಹೋಗಬೇಕಾದವರು ಎಂದೋ, ಚಿಕಿತ್ಸೆಯಲ್ಲಿ ಜೊತೆಗೂಡಿದವರು ಎಂದೋ? ಕುಟುಂಬ ಪಾಲ್ಗೊಳ್ಳಬೇಕು ಎನ್ನುವವರು ಬಹಳ. ಪಾಲ್ಗೊಳ್ಳಲು ಕುಟುಂಬಕ್ಕೆ ಬೇಕಾದದ್ದು ತಿಳಿವಳಿಕೆ, ಔಷಧಿ, ಬಿಡುವು. ಈ ಮೂರರಲ್ಲಿ ಮೊದಲನೆಯದನ್ನು ಅಲ್ಪಸ್ವಲ್ಪ ಕೊಟ್ಟಿದ್ದೇವೆ, ಎರಡನೆಯದನ್ನು ಆಗೀಗ ಕೊಡುತ್ತಿದ್ದೇವೆ, ಮೂರನೆಯದರ ಬಗ್ಗೆ ಮಾತೇ ಆಡುವುದಿಲ್ಲ.

ಮಳೆ, ಹೊಗೆ, ದೂರ

ಐದು ವರ್ಷದೊಳಗಿನ ಮಕ್ಕಳನ್ನು ಹೆಚ್ಚಾಗಿ ಕಾಡುವ ಕಾಯಿಲೆಗಳು ಎಲ್ಲ ಕಡೆ ಅವೇ: ಕೆಮ್ಮು–ನೆಗಡಿ ಮತ್ತು ಅದು ಬಿಗಡಾಯಿಸಿದಾಗ ನ್ಯುಮೋನಿಯಾ, ಭೇದಿ, ಜ್ವರ, ಜೊತೆಗೆ ಇವೆಲ್ಲವನ್ನೂ ಮಾರಕವಾಗಿಸುವ ಅಪೌಷ್ಟಿಕತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇಂಥ ಮಗುವಿಗೆ ಬಂದ ಭೇದಿ, ಚೆನ್ನಾಗಿ ಉಂಡು ಬೆಳೆದ ಮಗುವಿಗೆ ಬಂದ ಭೇದಿಗಿಂತ ಬಹಳ ಹೆಚ್ಚು ಅಪಾಯಕಾರಿ.

ಕೊಡಗಿನಲ್ಲಿ ಇದಕ್ಕೆ ನೆಲದ ಗುಣವೂ ಸೇರಿಕೊಳ್ಳುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಸುಮಾರು ಶೇ 85 ಹಳ್ಳಿಗಾಡಿನಲ್ಲಿದೆ. ಶೇ 10ಕ್ಕಿಂತ ತುಸು ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು: ಯರವರು, ಜೇನು ಕುರುಬರು, ಬೆಟ್ಟ ಕುರುಬರು ಮತ್ತಿತರರು. ಮನೆಗಳು ಗುಂಪುಗೂಡಿರುವ ಊರು ಇಲ್ಲಿ ಅಪರೂಪ. ತೋಟ, ಗದ್ದೆ, ಕಾಡಿನ ನಡುವೆ ಮನೆಗಳು ಚದುರಿಕೊಂಡಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಝಡಿ ಹಿಡಿದರೆ ಲೈನ್ ಮನೆಯ ಒಂದೇ ಕೋಣೆಯಲ್ಲಿ ಒಲೆ ಆರುವುದಿಲ್ಲ. ಅಡುಗೆಗೆ, ಮೈ ಕಾಯಿಸಲು, ಬಟ್ಟೆ ಒಣಗಿಸಲು ಅದೇ ಬೆಂಕಿ. ಹಸಿ ಸೌದೆಯ ಹೊಗೆಯಲ್ಲಿ ಕೂಸು ಬೆಚ್ಚಗೆ ಮಲಗಿರುತ್ತದೆ, ಹಾಗೆಯೇ ಕೆಮ್ಮುತ್ತಲೂ ಇರುತ್ತದೆ. ಅಡುಗೆಮನೆಯ ಹೊಗೆ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯ ಹೆಚ್ಚಿಸುತ್ತದೆ. ಹೊರಗೆ ತೋಡಿನ ನೀರು ಕೆಂಪಗೆ ಹರಿಯುತ್ತದೆ. ಕುದಿಸದೆ ಕುಡಿದರೆ ಭೇದಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆಯ ರಸ್ತೆಗಳೇ ಇಲ್ಲವಾದವು. ಅಂಥ ವಿಪತ್ತು ಇಲ್ಲದ ವರ್ಷದಲ್ಲೂ ಮರ ಬಿದ್ದು ದಾರಿ ಬಂದ್ ಆಗುತ್ತದೆ, ಕರೆಂಟು ಹೋಗುತ್ತದೆ, ಫೋನ್ ಸಿಗುವುದಿಲ್ಲ. ಕಾಡಂಚಿನಲ್ಲಿ ರಾತ್ರಿ ಆನೆಯ ಭಯ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ ನಿಜ, ಆದರೆ ಮಗುವಿಗೆ ಉಸಿರು ಕಟ್ಟಿದ ರಾತ್ರಿ ಆ ಕಾಲೇಜಿಗೂ ಮನೆಗೂ ನಡುವೆ ಎಷ್ಟೋ ಗಂಟೆಗಳಿರಬಹುದು. ಆ ಗಂಟೆಗಳಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಮಗುವಿನ ಬದುಕು ನಿಂತಿದೆ.

ಅರ್ಧ ಶತಮಾನದ ಪಾಠ

ಮನೆಯವರ ಕೈಗೇ ಚಿಕಿತ್ಸೆ ಕೊಡಬಹುದು ಎಂಬ ನಂಬಿಕೆಗೆ ಗಟ್ಟಿ ಬುನಾದಿ ಸಿಕ್ಕಿದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಿ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಶಿಬಿರದ ಅನುಭವವಿದೆ.

ಮುಂದಿನ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸುವುದನ್ನು ಸುಮಾರು 1.2 ಕೋಟಿ ಮನೆಗಳಿಗೆ ಕಲಿಸಿತು. ಕಲಿಸಿದವಳಿಗೆ ಸಂಬಳ ನಿಗದಿಯಾಗುತ್ತಿದ್ದದ್ದು ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ. ಆದರೂ ಆರಂಭದಲ್ಲಿ ಕಲಿತವರು ಬಹಳ, ಬಳಸಿದವರು ಕಡಿಮೆ. ಕಾರಣ ಹುಡುಕಿದಾಗ ಗಂಡಸರನ್ನು ಹೊರಗಿಟ್ಟಿದ್ದೇ ಒಂದು ತೊಡಕು ಎಂದು ತಿಳಿಯಿತು. ಆಮೇಲೆ ಕಾರ್ಯಕರ್ತರು ಸಂತೆ, ಮಸೀದಿಗಳಲ್ಲಿ ಗಂಡಸರ ಜೊತೆಗೂ ಮಾತಾಡಿದರು, ಬಳಕೆ ಏರಿತು. ತಾಯಿಗೆ ಕಲಿಸಿದರೆ ಮನೆಗೆ ಕಲಿಸಿದಂತಾಗುವುದಿಲ್ಲ ಎಂಬ ಆ ಪಾಠವನ್ನು ನಾವಿನ್ನೂ ಪೂರ್ತಿ ಕಲಿತಿಲ್ಲ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ತಾಯಂದಿರ ಜೊತೆಗೆ ಅಜ್ಜಿಯರಿಗೂ ತಿಳಿವಳಿಕೆ ಕೊಡುವುದು ಅದರಲ್ಲಿ ಸೇರಿತ್ತು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿತ್ತು. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ ಏಕ್‌ಜುಟ್ ಸಂಸ್ಥೆ ತಿಂಗಳಿಗೊಮ್ಮೆ ಮಹಿಳೆಯರ ಸಭೆ ಸೇರಿಸಿ, ತಮ್ಮೂರಿನ ಕೂಸುಗಳು ಏಕೆ ಸಾಯುತ್ತಿವೆ ಎಂದು ಅವರೇ ಚರ್ಚಿಸಿ ಪರಿಹಾರ ಹುಡುಕುವಂತೆ ಮಾಡಿತು. ಮೂರು ವರ್ಷಗಳಲ್ಲಿ ನವಜಾತ ಶಿಶು ಮರಣ ಶೇ 32ರಷ್ಟು ಕಡಿಮೆಯಾಯಿತು. ಅಲ್ಲಿ ಹೊಸ ಔಷಧಿ ಇರಲಿಲ್ಲ, ಊರಿನವರ ಮಾತಿಗೆ ಜಾಗ ಮಾತ್ರ ಇತ್ತು.

ನಮ್ಮ ರಾಜ್ಯದಲ್ಲೂ ದಾರಿಗಳಿವೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆದಿವಾಸಿ ಹೆಣ್ಣುಮಕ್ಕಳನ್ನೇ ದಾದಿಯರಾಗಿ ತರಬೇತುಗೊಳಿಸಿತು. ಕೊಡಗಿಗೆ ತಾಗಿಕೊಂಡ ಹೆಗ್ಗಡದೇವನಕೋಟೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೇನು ಕುರುಬ, ಯರವ ಹಾಡಿಗಳ ನಡುವೆಯೇ ಆಸ್ಪತ್ರೆ ಕಟ್ಟಿತು. ಕೊಪ್ಪಳ ಜಿಲ್ಲೆಯಲ್ಲಿ ಕಡಿಮೆ ತೂಕದ ಕೂಸನ್ನು ಎದೆಗೆ ಚರ್ಮ ತಾಗುವಂತೆ ಹಿಡಿದಿಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಪ್ರಯತ್ನ ನಡೆದಿದೆ. ಆ ಆರೈಕೆಯಲ್ಲಿ ತಾಯಿ ದಣಿದಾಗ ಅಪ್ಪನೂ ಅಜ್ಜಿಯೂ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು.

ಆಶಾ ಬರುವ ದಿನ, ಬಾರದ ದಿನ

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆಯ ಕಾರ್ಯಕ್ರಮ ರೂಪಿಸಿದಾಗ ಅದಕ್ಕೆ ಮೂರು ಅಂಗಗಳಿದ್ದವು: ಸಿಬ್ಬಂದಿಯ ಕೌಶಲ, ಆರೋಗ್ಯ ವ್ಯವಸ್ಥೆಯ ಸುಧಾರಣೆ, ಕುಟುಂಬ ಮತ್ತು ಸಮುದಾಯದ ರೂಢಿಗಳು. ಮೊದಲನೆಯದಕ್ಕೆ ತರಬೇತಿ ಶಿಬಿರಗಳು ನಡೆದವು. ಮೂರನೆಯದು ಬಹುತೇಕ ದೇಶಗಳಲ್ಲಿ ಹಿಂದುಳಿಯಿತು. ಭಾರತದಲ್ಲಿ ಆ ಅಂತರವನ್ನು ತುಂಬುವ ಹೊಣೆ 2005ರ ನಂತರ ಆಶಾ ಕಾರ್ಯಕರ್ತೆಯ ಹೆಗಲಿಗೆ ಬಿತ್ತು.

2011ರಿಂದ ಜಾರಿಯಲ್ಲಿರುವ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. 2018ರಿಂದ 3, 6, 9, 12, 15ನೇ ತಿಂಗಳಲ್ಲೂ ಭೇಟಿ ಸೇರಿಕೊಂಡಿದೆ. ತಾಯಿ ಕಾರ್ಡಿನಲ್ಲಿ ತೂಕ, ಚುಚ್ಚುಮದ್ದು, ಅಪಾಯದ ಚಿಹ್ನೆಗಳು ಎಲ್ಲವೂ ಇವೆ. ನ್ಯುಮೋನಿಯಾ ವಿರುದ್ಧ 2019ರಲ್ಲಿ 'ಸಾನ್ಸ್' ಅಭಿಯಾನ ಬಂತು, ರೋಟಾವೈರಸ್ ಮತ್ತು ನ್ಯುಮೊಕಾಕಲ್ ಲಸಿಕೆಗಳು ಸಾರ್ವತ್ರಿಕ ಪಟ್ಟಿಗೆ ಸೇರಿದವು. ಕಾಗದದ ಮೇಲೆ ಕೊರತೆ ಕಡಿಮೆ.

ಕೊರತೆ ಕಾಣುವುದು ಮನೆಯ ಹೊಸ್ತಿಲಲ್ಲಿ. ಆಶಾ ಹಗಲಲ್ಲಿ ಬಂದರೆ ಲೈನ್ ಮನೆಗೆ ಬೀಗ, ಎಲ್ಲರೂ ತೋಟದಲ್ಲಿ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಕ್ಕೆ ಕನ್ನಡದ ಕಾರ್ಡ್ ಓದಲು ಬರುವುದಿಲ್ಲ, ಎಷ್ಟೋ ವೇಳೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕಾಫಿ ಕೊಯ್ಲು ಮುಗಿದೊಡನೆ ಅವರು ಬೇರೆ ಎಸ್ಟೇಟಿಗೆ ಹೋದರೆ ಕೂಸಿನ ಚುಚ್ಚುಮದ್ದಿನ ಸರಣಿ ಅಲ್ಲಿಗೇ ತುಂಡಾಗುತ್ತದೆ. ಹಾಡಿಯಲ್ಲಿ ಯರವ ನುಡಿ, ಜೇನು ಕುರುಬ ನುಡಿ. ಅಪಾಯದ ಚಿಹ್ನೆಯನ್ನು ಕಚೇರಿ ಕನ್ನಡದಲ್ಲಿ ಹೇಳಿದರೆ ತಲೆಯಾಡಿಸುವವರು ಸಿಗುತ್ತಾರೆ, ಅರ್ಥವಾಯಿತೇ ಎಂಬುದು ಬೇರೆ ಮಾತು.

ಒಂದು ನಿಮಿಷದ ಎಣಿಕೆ, ಒಂದು ಲೀಟರ್ ನೀರು

ಮನೆಯವರಿಗೆ ಕಲಿಸಬೇಕಾದದ್ದು ಬಹಳವಿಲ್ಲ, ಆದರೆ ಕೈಹಿಡಿದು ಕಲಿಸಬೇಕು. ಕೆಮ್ಮುವ ಮಗುವಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ಮೊದಲು ಬೇಕಾದದ್ದು ಒಂದು ನಿಮಿಷದ ತಾಳ್ಮೆ. ಮಗು ಅಳದೆ ಮಡಿಲಲ್ಲಿ ಮಲಗಿರುವಾಗ ಅಂಗಿ ಎತ್ತಿ, ಬೆಳಕಿನ ಕಡೆಗೆ ತಿರುಗಿಸಿ, ಹೊಟ್ಟೆ ಉಬ್ಬಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪಾಗುತ್ತದೆ, ಏಕೆಂದರೆ ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ಬಿರುಸಿನ ಉಸಿರು, ಆಸ್ಪತ್ರೆಗೆ ಹೊರಡಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋದರೆ ಎಣಿಕೆಗೂ ಕಾಯಬೇಕಿಲ್ಲ. ಎಣಿಸಲು ಬಾರದವರಿಗಾಗಿ ಬಂಗ್ ದಂಪತಿ ಮಣಿ ಸರಿಸುತ್ತಾ ಉಸಿರೆಣಿಸುವ ಸರಳ ಸಾಧನ ರೂಪಿಸಿದ್ದರು. ಇಂದು ಲೈನ್ ಮನೆಯಲ್ಲೂ ಮೊಬೈಲ್ ಇದೆ, ಅದರಲ್ಲಿ ಗಡಿಯಾರವಿದೆ. ಕಲಿಸುವವರು ಬೇಕು.

ಭೇದಿಗೆ ಓಆರ್‌ಎಸ್ ಕೂಡ ಹೀಗೆಯೇ. ದೊಡ್ಡ ಪೊಟ್ಟಣವೊಂದನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಮ್ಮೆಗೇ ಸುರಿಯಬೇಕು. ಚಮಚದಷ್ಟು ಲೋಟಕ್ಕೆ ಹಾಕಿ ಉಳಿದದ್ದನ್ನು ಮಡಚಿಟ್ಟರೆ ಉಪ್ಪಿನ ಪ್ರಮಾಣ ಏರುಪೇರಾಗುತ್ತದೆ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಬೇಕು. ಎದೆಹಾಲು, ಗಂಜಿ ನಿಲ್ಲಿಸಬಾರದು. ಜೊತೆಗೆ ಸತುವಿನ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10, ಹದಿನಾಲ್ಕು ದಿನ. ಮೂರನೇ ದಿನ ಭೇದಿ ನಿಂತಾಗ ಮಾತ್ರೆಯನ್ನೂ ನಿಲ್ಲಿಸುವುದು ಸಾಮಾನ್ಯ ಲೋಪ. ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಪಡೆದವರು ಶೇ 60ರಷ್ಟಾದರೆ ಸತು ಪಡೆದವರು ಶೇ 30ರಷ್ಟು ಮಾತ್ರ ಎಂದು ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ.

ಕುಡಿಯಲು ಆಗದಿರುವುದು, ತಿಂದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಇವು ಯಾವ ಕಾಯಿಲೆಯಲ್ಲಾದರೂ ಅಪಾಯದ ಚಿಹ್ನೆಗಳು. ಭೇದಿಯಲ್ಲಿ ರಕ್ತ ಕಂಡರೂ ಕಾಯುವಂತಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಮೈ ತಣ್ಣಗಾದರೆ ಮನೆಮದ್ದಿಗೆ ಸಮಯವಿಲ್ಲ. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇರುವ ಮಗುವಿಗೆ ಜ್ವರ ಬಂದರೂ ಅಷ್ಟೇ.

ಮನೆಮದ್ದನ್ನು ಹೇಗೆ ಕಾಣಬೇಕು

ಕೊಡಗಿನ ಮನೆಗಳಲ್ಲಿ ಮದ್ದಿನ ತಿಳಿವಳಿಕೆ ಧಾರಾಳವಾಗಿದೆ. ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಕೆಮ್ಮಿಗೆ ದೊಡ್ಡಪತ್ರೆ, ತುಳಸಿ, ಶುಂಠಿ, ಜೇನು. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವ ಆರೋಗ್ಯ ಕಾರ್ಯಕರ್ತೆ ಆ ಮನೆಯ ವಿಶ್ವಾಸ ಕಳೆದುಕೊಳ್ಳುತ್ತಾಳೆ. ಎಲ್ಲವೂ ಒಳ್ಳೆಯದೇ ಎಂದು ಒಪ್ಪಿಬಿಡುವವಳು ಮಗುವನ್ನು ಕಳೆದುಕೊಳ್ಳಬಹುದು. ಬೇಕಾದದ್ದು ವಿಂಗಡಣೆ.

ಜೇನನ್ನೇ ನೋಡಿ. ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಬಿಸಿನೀರಲ್ಲಿ ಜೇನು ಕೊಡುವುದನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಹುಟ್ಟಿದ ಕೂಡಲೇ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ಅಪಾಯಕಾರಿ. ಅದರಲ್ಲಿರಬಹುದಾದ ರೋಗಾಣುಬೀಜಗಳು ವರ್ಷದೊಳಗಿನ ಕೂಸಿಗೆ ಬೊಟುಲಿಸಂ ಎಂಬ ನರಗಳ ಕಾಯಿಲೆ ತರಬಲ್ಲವು, ಮೊದಲ ಎದೆಹಾಲೂ ತಡವಾಗುತ್ತದೆ. ಜೇನು ಕೀಳುವುದೇ ಪರಂಪರೆಯಾದ ಹಾಡಿಯಲ್ಲಿ ಇದನ್ನು ಹೇಳುವಾಗ ಜೇನಿಗೆ ಗೌರವ ಕೊಟ್ಟು, ವಯಸ್ಸಿನ ಗೆರೆ ಹಾಕಿ ಹೇಳಬೇಕು. ಎಳೆಗೂಸಿಗೆ ಬಜೆ ತೇದು ನೆಕ್ಕಿಸುವುದೂ ಬೇಡ, ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡ. ಕಾಮಾಲೆಗೆ, ಬಾಲಗ್ರಹಕ್ಕೆ ಎಂದು ಮಗುವಿನ ಮೈಗೆ ಬರೆ ಹಾಕುವುದನ್ನಂತೂ ಯಾವ ಕಾರಣಕ್ಕೂ ಒಪ್ಪುವಂತಿಲ್ಲ.

ಅಂಗಡಿಯ ಔಷಧಿಗೂ ಇದೇ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಕೊಡಬಾರದು, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರ ಆಗ ಸೂಚಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸಕ್ಕರೆ ತುಂಬಿದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಭೇದಿಯಾದ ಮಗುವಿಗೆ ಆ ಪಾನೀಯಗಳು ಹಾನಿಯನ್ನೇ ಮಾಡುತ್ತವೆ.

ಕುಟುಂಬ ಎಂದರೆ ಯಾರು, ಅವರಿಗೆ ಬಿಡುವು ಎಲ್ಲಿ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಾಯಿ ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಸಂಜೆ. ಕೂಸನ್ನು ನೋಡುವವಳು ಎಂಟು ಹತ್ತು ವರ್ಷದ ಅಕ್ಕ ಅಥವಾ ಕಣ್ಣು ಮಂಜಾದ ಅಜ್ಜಿ. ಇಲ್ಲವೇ ಕಾಫಿ ಗಿಡದ ಬುಡದಲ್ಲಿ ಚೀಲ ಹಾಸಿ ಮಲಗಿಸಬೇಕು. ಆಶಾ ಕಲಿಸಿದ್ದು ತಾಯಿಗೆ, ಮಗುವಿಗೆ ನೀರು ಕುಡಿಸಬೇಕಾದವಳು ಅಕ್ಕ. ಆಸ್ಪತ್ರೆಗೆ ಹೋಗಬೇಕೆಂದರೆ ಕೂಲಿ ಹೋಗುತ್ತದೆ, ತೋಟದ ಗುಮಾಸ್ತನಾದ ರೈಟರ ಒಪ್ಪಿಗೆ ಬೇಕು, ರಾತ್ರಿಯಾದರೆ ಎಸ್ಟೇಟಿನ ಜೀಪು ಬೇಕು. ಆದ್ದರಿಂದ ಇಲ್ಲಿ ಕುಟುಂಬವನ್ನು ಒಳಗೊಳ್ಳುವುದೆಂದರೆ ಅಕ್ಕ, ಅಜ್ಜಿ, ಅಪ್ಪ, ಮೇಸ್ತ್ರಿ, ರೈಟರ್, ತೋಟದ ಮಾಲೀಕ ಎಲ್ಲರನ್ನೂ ಒಳಗೊಳ್ಳುವುದು.

ಇದು ಹೊಸ ಬೇಡಿಕೆಯಲ್ಲ. ಐವತ್ತು ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ, ಅಥವಾ ಅವರ ಇಪ್ಪತ್ತು ಅಥವಾ ಹೆಚ್ಚು ಮಕ್ಕಳಿರುವ ತೋಟಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ದೊಡ್ಡ ಕಂಪನಿಗಳ ಎಸ್ಟೇಟುಗಳು ಈ ನಿಯಮದೊಳಗೆ ಬಂದರೂ, ಕೊಡಗಿನ ಬಹುಪಾಲು ತೋಟಗಳು ಚಿಕ್ಕ ಹಿಡುವಳಿಗಳು, ಸಂಖ್ಯೆಯ ಮಿತಿಯಿಂದಾಗಿ ಹೊರಗುಳಿದಿದ್ದವು. ನರೇಗಾ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ' ಈ ಕೊರತೆಗೆ ಒಂದು ಉತ್ತರವಾಗಬಲ್ಲದು. ಅಕ್ಕಪಕ್ಕದ ಹತ್ತು ತೋಟಗಳು ಸೇರಿ ಪಂಚಾಯಿತಿಯ ಜೊತೆ ಇಂಥದ್ದೊಂದು ನಡೆಸಿದರೆ ಮಗುವಿನ ಊಟ, ತೂಕ, ಕಾಯಿಲೆ ಎಲ್ಲವೂ ಒಬ್ಬರ ಕಣ್ಣಿಗೆ ಬೀಳುತ್ತವೆ, ಅಕ್ಕ ಶಾಲೆಗೂ ಹೋಗುತ್ತಾಳೆ.

ಎಚ್ಚರದ ಮಾತು

ಕುಟುಂಬದ ಪಾಲು ಹೆಚ್ಚಿಸುವುದೆಂದರೆ ಸರ್ಕಾರದ ಹೊಣೆ ಇಳಿಸುವುದಲ್ಲ. ಮನೆಯಲ್ಲಿ ಕಾಯುತ್ತಾ ಕೂತು ಮಗು ಕೈಮೀರಿದ ಮೇಲೆ ಬರುತ್ತಾರೆ ಎಂಬ ವೈದ್ಯರ ಆತಂಕ ಸುಳ್ಳಲ್ಲ. ಅದಕ್ಕೆ ಪರಿಹಾರ ಕುಟುಂಬಕ್ಕೆ ಕಡಿಮೆ ಕಲಿಸುವುದರಲ್ಲಿಲ್ಲ. ಯಾವಾಗ ಕಾಯಬಾರದು ಎಂದು ಚೆನ್ನಾಗಿ ಕಲಿಸಿ, ಬಂದ ಕೂಡಲೇ ಔಷಧಿ, ಆಮ್ಲಜನಕ, ಗೌರವದ ಮಾತು ಸಿಗುವಂತೆ ಮಾಡಬೇಕು. ಎಷ್ಟೋ ದೂರ ನಡೆದು ಬಂದ ತಾಯಿಗೆ ಇಷ್ಟು ತಡ ಏಕೆ ಎಂಬ ಬೈಗುಳ ಸಿಕ್ಕರೆ ಮುಂದಿನ ಸಲ ಅವಳು ಇನ್ನೂ ತಡವಾಗಿ ಬರುತ್ತಾಳೆ.

ಆಶಾಳ ಹೆಗಲಿಗೂ ಮಿತಿಯಿದೆ. ಖಾತರಿ ಗೌರವಧನಕ್ಕಾಗಿ ರಾಜ್ಯದ ಆಶಾಗಳು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತರು. ಗುಡ್ಡ ಹತ್ತಿ, ತೋಡು ದಾಟಿ ಒಂಟಿ ಮನೆಗೆ ಹೋಗುವವಳಿಗೆ ಬಸ್ಸಿನ ಖರ್ಚೂ ಗಿಟ್ಟದಿದ್ದರೆ ಭೇಟಿ ಪುಸ್ತಕದಲ್ಲಷ್ಟೇ ನಡೆಯುತ್ತದೆ. ಅವಳ ಚೀಲದಲ್ಲಿ ಓಆರ್‌ಎಸ್, ಸತು ಖಾಲಿಯಿದ್ದರೆ ಅವಳ ಮಾತಿಗೂ ಬೆಲೆ ಇಳಿಯುತ್ತದೆ.

ಆಗಬೇಕಾದದ್ದು

ಇಷ್ಟೆಲ್ಲದರಿಂದ ಕೊಡಗಿಗೆ ಹೊಂದುವ ಕೆಲವು ಕೆಲಸಗಳು ಸ್ಪಷ್ಟವಾಗಿ ಕಾಣುತ್ತವೆ. ಮೇ ತಿಂಗಳಲ್ಲೇ, ಮಳೆಗೆ ಮೊದಲು, ಐದರೊಳಗಿನ ಮಕ್ಕಳಿರುವ ಪ್ರತಿ ಮನೆಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆ ತಲುಪಬೇಕು. ಮಳೆಗಾಲದಲ್ಲಿ ಆದಿವಾಸಿ ಕುಟುಂಬಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುವ ಏರ್ಪಾಡು ಇದ್ದೇ ಇದೆ, ಅದರ ಜೊತೆಗೆ ಇವನ್ನೂ ಸೇರಿಸುವುದು ಕಷ್ಟವಲ್ಲ. ಪ್ರತಿ ಹಾಡಿಯಲ್ಲಿ ಆ ನುಡಿಯವರೇ ಆದ ಒಬ್ಬ ಹೆಣ್ಣುಮಗಳು ಉಸಿರೆಣಿಸಲು ಕಲಿತಿರಬೇಕು. ಅಪಾಯದ ಚಿಹ್ನೆಗಳನ್ನು ಚಿತ್ರಗಳಲ್ಲಿ, ಬಂಗಾಳಿ, ಅಸ್ಸಾಮಿ, ಯರವ, ಮಲಯಾಳ ಧ್ವನಿಯಲ್ಲಿ ಮೊಬೈಲಿಗೆ ಕಳಿಸಬೇಕು. ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪದ ಸಂತೆಗಳಲ್ಲಿ ಗಂಡಸರ ಜೊತೆ ಮಾತಾಡಬೇಕು. ಆಶಾ ಭೇಟಿ ಸಂಜೆಯ ಹೊತ್ತಿಗೂ ಇರಬೇಕು, ಅದಕ್ಕೆ ತಕ್ಕ ಸಂಭಾವನೆಯೂ ಇರಬೇಕು. ಒಲೆಯ ಹೊಗೆ ಹೊರಹೋಗಲು ಲೈನ್ ಮನೆಗೆ ಚಿಮಣಿ ಹಾಕಿಸುವುದು ಮಾಲೀಕರ ಹೊಣೆಯಾಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಮಗುವಿಗೆ ಕಾಯಿಲೆಯಾದ ದಿನ ತಾಯಿಯ ಅಥವಾ ತಂದೆಯ ಕೂಲಿ ಕಡಿತವಾಗಬಾರದು. ಬೆಳೆಗಾರರ ಸಂಘಗಳು, ಪಂಚಾಯಿತಿಗಳು, ಕಾರ್ಮಿಕ ಇಲಾಖೆ ಒಟ್ಟಿಗೆ ಕೂತು ಇದೊಂದನ್ನು ಒಪ್ಪಿದರೆ ಎಷ್ಟೋ ಮಕ್ಕಳು ಒಂದು ದಿನ ಮೊದಲು ಆಸ್ಪತ್ರೆ ತಲುಪುತ್ತಾರೆ, ನ್ಯುಮೋನಿಯಾದಲ್ಲಿ ಒಂದು ದಿನ ಎಂಬುದು ಬಹಳ ದೊಡ್ಡ ಅವಧಿ. ಕೊಡಗಿನ ಕಾಫಿಯನ್ನು ಕೊಯ್ಯುವ ಕೈಗಳು ತಮ್ಮ ಮಗುವಿನ ಉಸಿರೆಣಿಸಲು ಬಿಡುವಾಗಿರಬೇಕು ಎಂದು ಕೇಳುವುದು ದಾನದ ಮಾತಲ್ಲ, ನ್ಯಾಯದ ಮಾತು. ಆ ನ್ಯಾಯವನ್ನು ಈ ಮಳೆಗಾಲಕ್ಕೆ ಮೊದಲೇ ಜಾರಿಗೆ ತರಲು ಸಾಧ್ಯವಿದೆ.